ಮುಖಪುಟದ ನಡುವೊಂದು ಚುಕ್ಕೆ

ನಲವತ್ತು ಪ್ರತಿ ಮುಗಿದು ನಲವತ್ತೊಂದನೆಯದನ್ನು ಮಷೀನಿನ ಬಾಯಿಂದ ಎಳೆದುಕೊಂಡಾಗಲೇ ಮೊಳೆಯಣ್ಣನಿಗೆ ಆ ಚುಕ್ಕೆ ಕಂಡಿದ್ದು. ಸಾಸಿವೆ ಕಾಳಿಗಿಂತ ಒಂಚೂರು ದೊಡ್ಡದು. ಎಲ್ಲಿ ಏನೂ ಇರಬಾರದೋ ಅಲ್ಲೇ, ಮುಖಪುಟದ ನಟ್ಟನಡುವೆ, ಗುಡಿಸಿಟ್ಟ ಅಂಗಳದಲ್ಲಿ ಕಾಗೆ ಬಂದು ಕೂತ ಹಾಗೆ ಕೂತಿತ್ತು. ಅವನು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿ ಹಿಂದಿನ ನಲವತ್ತನ್ನೂ ಒಂದೊಂದಾಗಿ ತಿರುವಿದ. ನಲವತ್ತರಲ್ಲೂ ಕಾಗೆ ಕೂತಿತ್ತು.

ಮೊಳೆಯಣ್ಣ ಎನ್ನುವುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ಒಂದು ಅಚ್ಚುಕೂಟದಲ್ಲಿ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ, ಅಕ್ಷರಕ್ಕೆ ಅಕ್ಷರ ಜೋಡಿಸಿದವನು. ಅಲ್ಲಿಗೆ ಕಂಪ್ಯೂಟರು ಬಂದ ವಾರವೇ, ಅವರಿಗೆ ಬೇಡವಾದ ಕಾಲ್ತುಳಿತದ ಮಷೀನನ್ನೂ ಮೊಳೆ ತುಂಬಿದ ಮರದ ಖಾನೆಗಳನ್ನೂ ತನ್ನ ಮನೆಯ ಮುಂದಿನ ಕೋಣೆಯಲ್ಲಿ ತಂದಿಳಿಸಿದ. ಬೇರೆ ಒಂದು ಕಚೇರಿಯಲ್ಲಿ ಅರ್ಧ ದಿನದ ಕೆಲಸ ಹಿಡಿದು, ಉಳಿದರ್ಧ ದಿನದಲ್ಲಿ ‘ಗುಂಡುಸೂಜಿ’ ಎಂಬ ಪತ್ರಿಕೆ ತರಲು ಶುರುಮಾಡಿದ. ಅದು ಸಣ್ಣ ವಸ್ತುಗಳ ಪತ್ರಿಕೆ. ಯಾರೂ ಎರಡನೇ ಸಲ ತಿರುಗಿ ನೋಡದ ವಸ್ತುಗಳನ್ನು ಕೂತು ನೋಡುವ ಪತ್ರಿಕೆ. ಮೊದಲ ಸಂಚಿಕೆ ಅಂಗಿಯ ಗುಂಡಿಗಳ ಬಗ್ಗೆ, ಎರಡನೆಯದು ಬೀಗದ ಕೈಗಳ ಬಗ್ಗೆ. ಎರಡೂ ಹೋದ ದಾರಿಯಲ್ಲೇ ಮರಳಿ ಬಂದು ಮಂಚದ ಕೆಳಗೆ ಸೇರಿದ್ದವು.

ಮೂರನೆಯದು ಖಾಲಿ ಜಾಗದ ಬಗ್ಗೆ. ಪದಕ್ಕೂ ಪದಕ್ಕೂ ನಡುವೆ ಎಡೆ ಬಿಡಲೆಂದು ಇಡುವ ಸೀಸದ ತುಂಡುಗಳು ಜೀವಮಾನವೆಲ್ಲ ಪುಸ್ತಕದ ಒಳಗೇ ಇದ್ದರೂ ಕಾಗದದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಅವುಗಳಿಗೆ ಮರ್ಯಾದೆ ಸಲ್ಲಲೆಂದೇ ಅವನು ಮುಖಪುಟವನ್ನು ಖಾಲಿ ಬಿಟ್ಟಿದ್ದ. ಮೇಲೆ ಪತ್ರಿಕೆಯ ಹೆಸರು, ಕೆಳಗೆ ಸಂಚಿಕೆಯ ಸಂಖ್ಯೆ, ನಡುವೆ ಏನೂ ಇಲ್ಲ. ಆ ‘ಏನೂ ಇಲ್ಲ’ವನ್ನು ಹದಕ್ಕೆ ತರಲು ಅವನಿಗೆ ಹದಿನೈದು ದಿನ ಹಿಡಿದಿತ್ತು.

ಹೆಂಡತಿ ಮಾತ್ರ ಹೋದ ತಿಂಗಳೇ ತೀರ್ಪು ಕೊಟ್ಟಾಗಿತ್ತು. ಅವಳ ಅಮ್ಮ ವರ್ಷದಿಂದ ನಡುಮನೆಯಲ್ಲಿ, ಬರುವವರು ಹೋಗುವವರ ಕಾಲ ಬುಡದಲ್ಲಿ ಮಲಗುತ್ತಿದ್ದರು. ಈ ಸಂಚಿಕೆಯೂ ವಾಪಸ್ ಬಂದರೆ ಮಷೀನು ಹೊರಗೆ, ಕೋಣೆ ಅಮ್ಮನಿಗೆ. ಅತ್ತೆ ಈ ವಿಷಯದಲ್ಲಿ ಬಾಯಿ ಹಾಕಿರಲಿಲ್ಲ. ಮಷೀನನ್ನು ಕಬ್ಬಿಣದ ಎಮ್ಮೆ ಎಂದು ಕರೆಯುತ್ತಿದ್ದರು, ಅಷ್ಟೇ.

ಆದರೆ ಈ ಸಲ ಒಂದು ಆಸೆ ಚಿಗುರಿತ್ತು. ಹಿಂದಿನ ಸಂಜೆ, ಬೆಳಕು ಇಳಿಯುವ ಹೊತ್ತಿಗೆ ತೆಗೆದ ಮೊಟ್ಟಮೊದಲ ಮುಖಪುಟವನ್ನು, ಶಾಯಿ ಆರುವ ಮುಂಚೆಯೇ, ಪೇಟೆ ಕಡೆ ಹೊರಟಿದ್ದ ಮಹಡಿ ಮನೆಯ ಲೆಕ್ಕದ ಮೇಷ್ಟ್ರ ಕೈಗೆ ಕೊಟ್ಟು ದೊಡ್ಡ ಪುಸ್ತಕದಂಗಡಿಗೆ ಕಳಿಸಿದ್ದ. ಅಂಗಡಿಯಮ್ಮ ಅದನ್ನು ಬಹಳ ಹೊತ್ತು ನೋಡಿದರಂತೆ. ನಾಳೆ ನಾಲ್ಕು ಗಂಟೆಗೆ ತಾವೇ ಬರುವುದಾಗಿಯೂ, ನೂರು ಪ್ರತಿ ತಯಾರಿದ್ದರೆ ಅಂಗಡಿಯ ಮುಂದಿನ ಮೇಜಿನ ಮೇಲೇ ಇಡುವುದಾಗಿಯೂ ಹೇಳಿ ಕಳಿಸಿದ್ದರು. ಒಳಪುಟಗಳನ್ನೆಲ್ಲ ಹೆಂಡತಿ ಮಡಿಸಿ ಅಟ್ಟಿ ಕಟ್ಟಿಟ್ಟಿದ್ದಳು. ಮುಖಪುಟ ಹೊದಿಸಿ ದಾರ ಹೊಲಿದರೆ ಮುಗಿಯಿತು. ಅವನು ಕಚೇರಿಗೆ ರಜೆ ಹಾಕಿ ಬೆಳಿಗ್ಗೆ ಎಂಟಕ್ಕೇ ಮಷೀನು ತುಳಿಯಲು ನಿಂತಿದ್ದ.

ಈಗ ಈ ಚುಕ್ಕೆ.

ಮೊದಲು ರೋಲರ್ ಒರೆಸಿದ. ಅಚ್ಚುಕೂಟದ ಹಳೇ ಅಭ್ಯಾಸದಂತೆ ಹಾಳಾದ ಹಾಳೆಗಳಿಂದಲೇ ಒರೆಸಿದ. ನಲವತ್ತೊಂದರಲ್ಲಿ ಮೂವತ್ತು ಅಲ್ಲೇ ಕಪ್ಪಾಗಿ ಬುಟ್ಟಿಗೆ ಬಿದ್ದವು. ಹೊಸ ಹಾಳೆ ಕೊಟ್ಟು ತುಳಿದ. ಚುಕ್ಕೆ ಮೊದಲಿಗಿಂತ ಕಳೆಕಳೆಯಾಗಿ ಮೂಡಿತು.

ಬಾಗಿಲಲ್ಲಿ ಅತ್ತೆ ಬಂದು ನಿಂತರು. ಒಂದು ಕೈ ಬಲಗಿವಿಯ ಮೇಲಿತ್ತು.

“ಅಳಿಯಂದ್ರೇ, ನನ್ನ ಓಲೆ ತಿರುಪು ಏನಾದ್ರೂ ಕಣ್ಣಿಗೆ ಬಿತ್ತಾ? ನಿನ್ನೆ ಮಧ್ಯಾಹ್ನದಿಂದ ಇಲ್ಲ. ಓಲೆನ ದಾರದಲ್ಲಿ ಕಟ್ಕೊಂಡಿದ್ದೀನಿ.”

ಮೊಳೆಯಣ್ಣ ಇಲ್ಲ ಅತ್ತೆ ಎಂದ, ತಲೆಯೆತ್ತದೆ. ಮಾವ ಕೊಡಿಸಿದ ಓಲೆ ಅದು ಎಂದು ಅವರು ಇನ್ನೊಮ್ಮೆ ಹೇಳಿದರು. ಆಮೇಲೆ ನೋಡೋಣ ಎಂದು ಅವನು ಇನ್ನೊಮ್ಮೆ ಹೇಳಿದ. ಅವರ ಮೂಗಿನ ತುದಿಯಲ್ಲಿ ಒಂದು ಕಪ್ಪು ಗುರುತಿತ್ತು. ಒಲೆಯ ಮಸಿ ಇರಬೇಕು, ಸೋಪು ಹಚ್ಚಿದರೂ ಹೋಗಲಿಲ್ಲ ಎಂದು ಹೆಂಡತಿ ನಿನ್ನೆಯೇ ಗೊಣಗಿದ್ದಳು.

ಮಷೀನು ನಿಂತ ಸದ್ದು ಕೇಳಿ ಮಹಡಿಯಿಂದ ಮೇಷ್ಟ್ರು ಇಳಿದರು. ನಡೆಯುವ ಮಷೀನಿನ ಗದ್ದಲ ಅವರಿಗೆ ಅಭ್ಯಾಸವಾಗಿತ್ತು, ನಿಂತರೆ ನಿದ್ದೆ ಕೆಡುತ್ತಿತ್ತು. ಜೇಬಿನಿಂದ ಸ್ಕೇಲು ತೆಗೆದು ಚುಕ್ಕೆಯನ್ನು ನಾಲ್ಕೂ ಅಂಚಿನಿಂದ ಅಳೆದರು. ಎಡಕ್ಕೂ ಬಲಕ್ಕೂ ಒಂದೇ ಅಳತೆ, ಮೇಲಕ್ಕೂ ಕೆಳಕ್ಕೂ ಒಂದೇ ಅಳತೆ.

“ಮೊಳೆಯಣ್ಣ, ಇದು ಸುಮ್ಮನೆ ಬಿದ್ದ ಚುಕ್ಕೆ ಅಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕೇಂದ್ರಬಿಂದು ಹಾಕೋದು ಕಲಿಸಿದ್ದೀನಿ, ಒಬ್ಬನೂ ಇಷ್ಟು ಸರಿಯಾಗಿ ಹಾಕ್ಲಿಲ್ಲ.”

ಹೀಗೆ ಹೊಗಳಿದ ಮೇಲೆ ಅದೇ ಚುಕ್ಕೆಯನ್ನು ರಬ್ಬರಿನಿಂದ ಅಳಿಸಬಹುದೆಂದು ಕೂತರು. ಆರು ಹಾಳೆ ಉಜ್ಜಿದರು. ಚುಕ್ಕೆ ಹೋಗಲಿಲ್ಲ, ಹರಡಿತು. ಆರು ಮುಖಪುಟಗಳ ಮೇಲೂ ಮೋಡ ಕವಿಯಿತು.

ಅಷ್ಟರಲ್ಲಿ ಎದುರು ಅಂಗಡಿಯ ಗಡಿಯಾರ ರಿಪೇರಿಯವನು, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯ ಸಮೇತ ರಸ್ತೆ ದಾಟಿ ಬಂದ. ಉಳಿದ ಹಾಳೆಗಳ ಚುಕ್ಕೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಲು ಹೋಗಿ ಐದನ್ನೂ ತೂತು ಮಾಡಿದ. ಅದಕ್ಕೆ ಬೇಜಾರು ಮಾಡಿಕೊಳ್ಳದೆ, ಮೊಳೆಯಣ್ಣ ತೆಗೆದುಕೊಟ್ಟ ಹೊಸ ಹಾಳೆಯೊಂದರ ಮೇಲೆ ಗಡಿಯಾರದವನು ಬಗ್ಗಿದ. ಅವನ ಮುಖ ಗಂಭೀರವಾಯಿತು.

“ಇದಕ್ಕೆ ಅಂಚಿನಲ್ಲಿ ಹಲ್ಲಿದೆ ಕಣಣ್ಣ. ಸಣ್ಣ ಸಣ್ಣ ಹಲ್ಲು. ನಿನ್ನ ಮಷೀನಿಂದ ಯಾವುದೋ ಚಕ್ರ ಕಳಚಿ ಬಿದ್ದಿದೆ.”

ಇಷ್ಟು ದೊಡ್ಡ ಮಷೀನಿನಲ್ಲಿ ಸಾಸಿವೆಯಷ್ಟು ಚಕ್ರ ಯಾಕಿರುತ್ತದೆ ಎಂದು ಕೇಳಬೇಕೆಂದು ಮೊಳೆಯಣ್ಣನಿಗೆ ಅನ್ನಿಸಿತು. ಆದರೆ ಅವನ ಸ್ವಭಾವವೇ ಹಾಗೆ, ಯಾರಾದರೂ ಧೈರ್ಯವಾಗಿ ಮಾತಾಡಿದರೆ ತನ್ನದೇ ತಪ್ಪಿರಬೇಕು ಅಂದುಕೊಳ್ಳುವವನು. ಅರ್ಧ ಗಂಟೆಯೊಳಗೆ ರೋಲರುಗಳು ನೆಲದ ಮೇಲೆ ಮಲಗಿದ್ದವು, ತುಳಿಯುವ ಹಲಗೆ ಬಾಗಿಲಿಗೆ ಒರಗಿತ್ತು, ನಟ್ಟುಗಳು ಹೆಂಡತಿಯ ಹಿಟ್ಟು ನಾದುವ ತಟ್ಟೆಯಲ್ಲಿದ್ದವು. ಯಾವ ನಟ್ಟು ಎಲ್ಲಿಯದೆಂದು ಮೇಷ್ಟ್ರು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅತ್ತೆ ಎರಡು ಸಲ ಬಂದು ಏನೋ ಹೇಳಲು ಬಾಯಿ ತೆರೆದರು. ಎರಡು ಸಲವೂ ಮೇಷ್ಟ್ರು, ಅಮ್ಮಾ ಸ್ವಲ್ಪ ದೂರ, ಕಾಲಿಗೆ ನಟ್ಟು ಸಿಗುತ್ತೆ ಎಂದರು.

ಕಳೆದ ಚಕ್ರ ಸಿಗಲಿಲ್ಲ. ಕಳೆಯದ ಚಕ್ರಗಳೆಲ್ಲ ಇದ್ದಲ್ಲೇ ಇದ್ದವು. ಮಧ್ಯಾಹ್ನ ಒಂದೂವರೆಗೆ ಎಲ್ಲವನ್ನೂ ತಿರುಗಿ ಜೋಡಿಸಿದಾಗ ತಟ್ಟೆಯಲ್ಲಿ ಎರಡು ನಟ್ಟು ಉಳಿದವು.

“ಅವು ಹೆಚ್ಚಿಗೆ ಹಾಕಿದ್ದು ಬಿಡಣ್ಣ,” ಎಂದು ಗಡಿಯಾರದವನು ಕೈ ಒರೆಸಿಕೊಂಡು ಹೋದ. ಮೇಷ್ಟ್ರು ಊಟಕ್ಕೆ ಹತ್ತಿದರು. ಮಷೀನು ತುಳಿದರೆ ನಾಲ್ಕು ಸುತ್ತಿಗೊಮ್ಮೆ ಬಿಕ್ಕಳಿಸುತ್ತಿತ್ತು. ಬಿಕ್ಕಳಿಸುತ್ತಲೇ ಚುಕ್ಕೆಯನ್ನು ಮಾತ್ರ ಚಾಚೂ ತಪ್ಪದೆ ಒತ್ತುತ್ತಿತ್ತು.

ಮೊಳೆಯಣ್ಣ ಸ್ಟೂಲಿನ ಮೇಲೆ ಕುಸಿದ. ಎಲ್ಲ ಹುಡುಕಿದ್ದಾಯಿತು, ಒಂದನ್ನು ಬಿಟ್ಟು. ಅಕ್ಷರಗಳನ್ನೂ, ಖಾಲಿ ಜಾಗ ತುಂಬುವ ಮರದ ಪಟ್ಟಿಗಳನ್ನೂ ಸೇರಿಸಿ ಬಿಗಿದಿದ್ದ ಕಬ್ಬಿಣದ ಚೌಕಟ್ಟನ್ನು ಅವನು ಬಿಚ್ಚಿರಲಿಲ್ಲ. ಮಷೀನಿನ ಮೇಲೆ ಅನುಮಾನ ಪಟ್ಟಿದ್ದ, ಶಾಯಿಯ ಮೇಲೆ ಪಟ್ಟಿದ್ದ, ಕಾಗದದ ಮೇಲೂ ಪಟ್ಟಿದ್ದ. ತಾನು ಬಿಗಿದ ಚೌಕಟ್ಟಿನ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅನುಮಾನ ಪಟ್ಟವನಲ್ಲ. ಈಗ ಅದನ್ನು ಕಲ್ಲಿನ ಮೇಲೆ ಮಲಗಿಸಿ, ಸಡಿಲಿಸಿ, ಬೆರಳಾಡಿಸಿದ. ಎರಡು ಮರದ ಪಟ್ಟಿಗಳ ಸಂದಿಯಲ್ಲಿ, ಅಕ್ಷರಗಳಷ್ಟೇ ಎತ್ತರಕ್ಕೆ ತಲೆಯೆತ್ತಿ, ಮೈಯೆಲ್ಲ ಶಾಯಿ ಬಳಿದುಕೊಂಡು ಒಂದು ಓಲೆ ತಿರುಪು ನಿಂತಿತ್ತು.

ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದ. ಚಿನ್ನ ಹೊಳೆಯಿತು. ಅದನ್ನು ಅಂಗೈಲಿಟ್ಟುಕೊಂಡು ನಡುಮನೆಗೆ ಹೋದ.

“ಇದು ಅಲ್ಲಿಗೆ ಹೇಗೆ ಬಂತು ಅತ್ತೆ?”

ಅತ್ತೆ ತಿರುಪನ್ನು ತೆಗೆದುಕೊಂಡು, ಗೋಡೆ ಕಡೆ ನೋಡುತ್ತ ಕಿವಿಗೆ ತಿರುಗಿಸಿಕೊಂಡರು. ಇಲಿ ಎಳೆದುಕೊಂಡು ಹೋಗಿರಬೇಕು ಎಂದರು. ಮೊಳೆಯಣ್ಣ ಅವರ ಮೂಗಿನ ತುದಿಯನ್ನು ನೋಡಿದ. ಅದು ಒಲೆಯ ಮಸಿಯಲ್ಲ. ಆ ಶಾಯಿ ಅವನ ಉಗುರುಗಳಲ್ಲೂ ವರ್ಷಗಟ್ಟಲೆಯಿಂದ ಇತ್ತು. ನಿನ್ನೆ ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ, ಹಳೇ ಶಾಯಿ ಮೆತ್ತಿದ, ಇನ್ನೂ ಬಿಗಿಯದ ಚೌಕಟ್ಟಿನ ಮೇಲೆ ಯಾರೋ ಮೂಗು ತಾಗುವಷ್ಟು ಬಗ್ಗಿದ್ದರು.

“ಓದೋಕಾಯ್ತಾ?” ಎಂದು ಮೆಲ್ಲಗೆ ಕೇಳಿದ.

ಅತ್ತೆ ಗೋಡೆಯಿಂದ ಅವನ ಕಡೆ ತಿರುಗಿದರು. “ಎಲ್ಲ ತಿರುಗಾಮುರುಗಾ ಇಟ್ಟಿದ್ದೀರಿ. ‘ಗುಂಡು’ವರೆಗೂ ಬಂತು. ‘ಸೂಜಿ’ ಬರೋ ಹೊತ್ತಿಗೆ ನೀವು ಕೈ ತೊಳೆಯೋ ಸದ್ದಾಯ್ತು.”

ಅವನಿಗೆ ಅಲ್ಲೇ ಕೂತು ಇನ್ನಷ್ಟು ಕೇಳಬೇಕೆನ್ನಿಸಿತು. ಆದರೆ ಗಂಟೆ ಎರಡು ಹೊಡೆದಿತ್ತು. ಓಡಿಹೋಗಿ ಚೌಕಟ್ಟು ಬಿಗಿದು, ಬಿಕ್ಕಳಿಸುವ ಮಷೀನನ್ನೇ ತುಳಿದ. ಒಂದಾದ ಮೇಲೊಂದು ಮುಖಪುಟ ಹಾಲಿನಂತೆ ಹೊರಬಂತು. ಹೆಂಡತಿ ಒಂದು ಪಕ್ಕ ದಾರ ಹೊಲಿದಳು. ಅತ್ತೆ ಯಾರೂ ಕರೆಯದೆಯೇ ಬಂದು ಇನ್ನೊಂದು ಪಕ್ಕ ಕೂತು ಸೂಜಿ ಪೋಣಿಸಿ ಕೊಟ್ಟರು. ನಾಲ್ಕಕ್ಕೆ ಐದು ನಿಮಿಷವಿರುವಾಗ ನೂರು ಪ್ರತಿ ಮೇಜಿನ ಮೇಲಿದ್ದವು. ನಡುವೆ ಏನೂ ಇಲ್ಲದ, ಕಾಗೆಯಿಲ್ಲದ, ಗುಡಿಸಿಟ್ಟ ಅಂಗಳದಂಥ ನೂರು ಮುಖಪುಟ.

ಅಂಗಡಿಯಮ್ಮ ಸರಿಯಾಗಿ ನಾಲ್ಕಕ್ಕೆ ಬಂದರು. ಕೈಯಲ್ಲಿ ನಿನ್ನೆಯ ಹಾಳೆಯಿತ್ತು. ಮೇಲಿನ ಪ್ರತಿ ಎತ್ತಿಕೊಂಡರು, ಕೆಳಗಿಟ್ಟರು. ಇನ್ನೊಂದು ಎತ್ತಿದರು, ಅದನ್ನೂ ಇಟ್ಟರು.

“ಚುಕ್ಕೆ ಎಲ್ಲಿ?” ಎಂದರು.

ಮೊಳೆಯಣ್ಣ ನಕ್ಕ. ಅದನ್ನು ತೆಗೆಯಲು ಇವತ್ತು ಇಡೀ ಮಷೀನನ್ನೇ ಬಿಚ್ಚಿದ್ದನ್ನು ಹೆಮ್ಮೆಯಿಂದಲೇ ಹೇಳಿದ. ಅಂಗಡಿಯಮ್ಮ ನಗಲಿಲ್ಲ. ನಿನ್ನೆಯ ಹಾಳೆಯನ್ನು ಅವನ ಮುಂದೆ ಹರಡಿದರು.

“ನಿನ್ನೆ ರಾತ್ರಿಯಿಂದ ಇದನ್ನೇ ನೋಡ್ತಿದ್ದೀನಿ. ಇಡೀ ಪುಟದಲ್ಲಿ ಒಂದೇ ಒಂದು ಚುಕ್ಕೆ. ಅದೊಂದು ಇರೋದಕ್ಕೇ ಅಲ್ವಾ ಸುತ್ತ ಇರೋದೆಲ್ಲ ಖಾಲಿ ಅಂತ ಗೊತ್ತಾಗೋದು? ಇದನ್ನು ಮಾಡಿದವರು ದೊಡ್ಡ ತಲೆ ಅಂದ್ಕೊಂಡೆ. ಚುಕ್ಕೆ ಇಲ್ಲದಿದ್ರೆ ಇದು ಬರೀ ಕಾಗದ. ಇಂಥದ್ದು ನನ್ನ ಅಂಗಡೀಲೇ ರೀಮುಗಟ್ಟಲೆ ಇದೆ.”

ಆರು ಗಂಟೆವರೆಗೂ ಕಾಯುವುದಾಗಿ ಹೇಳಿ ಅವರು ಕುರ್ಚಿ ಎಳೆದುಕೊಂಡರು.

ಪರೀಕ್ಷೆಗೆ ತೆಗೆದ ಎರಡು ಮೂರು ಬಿಟ್ಟರೆ ಚುಕ್ಕೆಯಿದ್ದ ಹಾಳೆಗಳು ಒಂದೂ ಉಳಿದಿರಲಿಲ್ಲ. ಒರೆಸಿದ್ದವು ಕಪ್ಪಾಗಿದ್ದವು, ಉಜ್ಜಿದ್ದವು ಮೋಡವಾಗಿದ್ದವು, ಕೆರೆದವು ತೂತಾಗಿದ್ದವು. ಆದರೆ ದಾರಿ ಇತ್ತು. ಹೊಲಿಗೆ ಬಿಚ್ಚಿ ಮುಖಪುಟಗಳನ್ನು ಇನ್ನೊಮ್ಮೆ ಮಷೀನಿಗೆ ಕೊಟ್ಟು ಚುಕ್ಕೆಯೊಂದನ್ನೇ ಒತ್ತಬಹುದು. ಯಾವುದೋ ಮೊಳೆಯ ತುದಿಯಿಂದ ಒತ್ತಿ ನೋಡಿದ. ಅಂಗಡಿಯಮ್ಮ ಬೇಡವೆಂದು ತಲೆಯಾಡಿಸಿದರು. ಈ ಚುಕ್ಕೆಗೆ ಹಲ್ಲಿಲ್ಲ.

ಮೊಳೆಯಣ್ಣ ನಡುಮನೆಗೆ ಹೋಗಿ ಅತ್ತೆಯ ಮುಂದೆ, ಪಾಠ ಮರೆತ ಹುಡುಗನಂತೆ ನಿಂತ.

“ಒಂದೇ ಗಂಟೆ ಮಟ್ಟಿಗೆ ಅತ್ತೆ. ಆ ತಿರುಪು.”

ಅತ್ತೆಯ ಕೈ ಕಿವಿಗೆ ಹೋಯಿತು. ಅಡುಗೆಮನೆ ಬಾಗಿಲಿಗೆ ಹೆಂಡತಿ ಬಂದು ನಿಂತಳು.

“ಕೊಡ್ತೀನಿ,” ಎಂದರು ಅತ್ತೆ. “ಆದ್ರೆ ನನ್ನ ಮಂಚ ಆ ಕೋಣೆಗೆ ಬರ್ಬೇಕು.”

ಯಾವ ಕೋಣೆ ಉಳಿಸಿಕೊಳ್ಳಲು ಇಷ್ಟೆಲ್ಲ ಹೆಣಗಿದ್ದನೋ ಅದನ್ನೇ ಕೊಟ್ಟು ಚುಕ್ಕೆ ಕೊಳ್ಳಬೇಕಾಗಿತ್ತು. ಮತ್ತೆ ಮಷೀನು ಎಂದು ಕೇಳಿದ, ಕೇಳಿಸದಷ್ಟು ಸಣ್ಣಗೆ.

“ಅದೆಲ್ಲಿಗೆ ಹೋಗುತ್ತೆ? ನನ್ನ ತಿರುಪು ಅದರೊಳಗೆ ಇರೋವಾಗ ಕಾಯೋರು ಯಾರು? ನಾನು ಪಕ್ಕದಲ್ಲೇ ಇರ್ತೀನಿ.”

ಅಕ್ಷರಗಳನ್ನೆಲ್ಲ ತೆಗೆದಿಟ್ಟು, ಬರೀ ಮರದ ಪಟ್ಟಿಗಳ ನಡುವೆ ಒಂದು ಓಲೆ ತಿರುಪನ್ನು ಬಿಗಿದು, ಮೊಳೆಯಣ್ಣ ಮಷೀನು ತುಳಿದ. ಅತ್ತೆ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತರು. ಮೊದಲ ಹಾಳೆ ನೋಡಿ, ಒಂದು ನೂಲಿನಷ್ಟು ಎಡಕ್ಕಾಯಿತು ಎಂದರು. ಅವನು ಸರಿಮಾಡಿದ. ಎರಡನೆಯದಕ್ಕೆ, ಶಾಯಿ ಹೆಚ್ಚಾಯಿತು ಎಂದರು. ಅದೂ ನಿಜವೇ ಆಗಿತ್ತು. ಮೂರನೆಯದಕ್ಕೆ ಅಂಗಡಿಯಮ್ಮನ ಮುಖ ಅರಳಿತು. ಆರಕ್ಕೆ ನೂರು ಪ್ರತಿ ಮತ್ತೆ ಹೊಲಿಸಿಕೊಂಡು ಆಟೋದಲ್ಲಿ ಹೊರಟವು. ಇನ್ನೂ ಹೆಚ್ಚು ಪ್ರತಿ ಬೇಕಾದರೆ ಸಿಗುತ್ತವೆಯೇ ಎಂದು ಅಂಗಡಿಯಮ್ಮ ಕೇಳಿದ್ದಕ್ಕೆ, ಎಷ್ಟು ಬೇಕಾದರೂ ಎಂದು ಮೊಳೆಯಣ್ಣ ಹೇಳಿಬಿಟ್ಟ.

ಅತ್ತೆ ತಿರುಪನ್ನು ತೊಳೆಸಿಕೊಂಡು ಕಿವಿಗೆ ಹಾಕಿಕೊಂಡರು. ಮಂಚ ಕೋಣೆಗೆ ಬಂತು. ಮಂಚಕ್ಕೆ ಜಾಗವಾಗಲು ಸ್ಟೂಲು ಹೊರಗೆ ಹೋಯಿತು. ಮಂಚ ಎತ್ತಲು ಬಂದ ಮೇಷ್ಟ್ರೂ ಗಡಿಯಾರದವನೂ ಈ ಏರ್ಪಾಡು ಮೊದಲೇ ಆಗಬೇಕಿತ್ತು ಎಂದು ಒಂದೇ ಬಾಯಲ್ಲಿ ಹೇಳಿದರು. ಅತ್ತೆ ಮಂಚದ ಮೇಲೆ ಕಾಲು ಚಾಚಿ ಖಾನೆಗಳನ್ನೂ ಮಷೀನನ್ನೂ ಒಮ್ಮೆ ಕಣ್ತುಂಬ ನೋಡಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಎಮ್ಮೆಯನ್ನು ಓಡಿಸಕೂಡದೆಂದರು. ಮೊಳೆಯಣ್ಣ ಕಚೇರಿಯಿಂದ ಬಂದು ಊಟ ಮುಗಿಸಿ ಮಷೀನು ತುಳಿಯುತ್ತಿದ್ದದ್ದೇ ಆ ಹೊತ್ತಿನಲ್ಲಿ.

ಆದರೂ ಅವನು ನಿಂತಲ್ಲೇ ನಗುತ್ತಿದ್ದ. ಹೆಂಡತಿ ಟೀ ತಂದು ಕೈಗಿಟ್ಟಳು. ಅರ್ಧ ಗುಟುಕು ಇಳಿಯುವಷ್ಟರಲ್ಲಿ ಫೋನು ಬಂತು. ಪ್ರತಿಗಳನ್ನು ಮೇಜಿನ ಮೇಲೆ ಇಡುತ್ತಿದ್ದ ಹಾಗೇ ನಾಲ್ಕು ಜನ ಕೇಳಿದರು, ನಾಳೆ ಸಂಜೆಗೆ ಇನ್ನೂ ನೂರು ಬೇಕು ಎಂದರು ಅಂಗಡಿಯಮ್ಮ. ಚುಕ್ಕೆ ಮಾತ್ರ ಇದೇ ಇರಬೇಕು.

ಮೊಳೆಯಣ್ಣ ಫೋನಿಟ್ಟು ಮೆಲ್ಲಗೆ ಮಂಚದ ಕಡೆ ತಿರುಗಿದ.

ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಗೋಡೆ ಕಡೆ ಹೊರಳಿ, ತಿರುಪಿದ್ದ ಕಿವಿಯನ್ನು ದಿಂಬಿಗೆ ಒತ್ತಿ, ಕಣ್ಣು ಮುಚ್ಚಿಕೊಂಡೇ ಹೇಳಿದರು:

“ನಾಳೆ ನೋಡೋಣ ಅಳಿಯಂದ್ರೇ. ಮೊದ್ಲು ಮುಂದಿನ ಸಂಚಿಕೆ ಯಾವುದ್ರ ಬಗ್ಗೆ ಅಂತ ನಾನು ಯೋಚ್ನೆ ಮಾಡ್ಬೇಕು.”