ಪಳೆಯುಳಿಕೆಗೆ ಒಂದು ಬೆಂಕಿಕಡ್ಡಿ

‘ಗೊತ್ತಿಲ್ಲ’ ಅನ್ನುವ ಮಾತು ನಮ್ಮ ಚಳ್ಳಕೆರೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ದಾರಿ ಕೇಳಿ, ರೋಗ ಕೇಳಿ, ಗೊತ್ತಿಲ್ಲದವನೇ ಮೊದಲು ಕೈ ಎತ್ತುತ್ತಾನೆ. ಊರನ್ನು ಆಡಿಕೊಳ್ಳುವ ಮೊದಲು ಒಪ್ಪಿಕೊಂಡುಬಿಡುತ್ತೇನೆ, ಈ ವಿದ್ಯೆಯಲ್ಲಿ ನಂದೇ ಮೊದಲ ನಂಬರು. ಕಾಲೇಜಿನ ಮೇಷ್ಟ್ರುಗಳೆಲ್ಲರ ದನಿ ನನಗೆ ಬರುತ್ತದೆ. ಅವರು ಹೇಳಿದ ಪಾಠ ಮಾತ್ರ ಬರುವುದಿಲ್ಲ.

ಕಾರವಾರಕ್ಕೆ ಟ್ರಿಪ್ ಹೋದಾಗ ಉಳಿದವರೆಲ್ಲ ಅಲೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆಯುತ್ತಿದ್ದರು. ನನಗೆ ಮರಳಲ್ಲಿ ಒಂದು ಬಿಳೀ ಬಿಲ್ಲೆ ಸಿಕ್ಕಿತು. ಹಪ್ಪಳದ ಹಾಗೆ ತೆಳುವು, ಮೇಲೆ ಐದೆಸಳಿನ ಹೂವು. ನೋಡಿದ್ದೇ ತಡ, “ಪಳೆಯುಳಿಕೆ! ಲಕ್ಷಾಂತರ ವರ್ಷದ್ದು!” ಎಂದು ಸಾರಿಬಿಟ್ಟೆ. ಭೂಗರ್ಭಶಾಸ್ತ್ರದ ಮೇಷ್ಟ್ರಿಗೆ ಫೋನು ಹೋಯಿತು. ಅವರದು ವಾಕ್ಯಕ್ಕೆ ಮೂರು ಕೆಮ್ಮು. ಕೆಮ್ಮುಗಳ ನಡುವೆ ಹೇಳಿದರು: “ಸೋಮವಾರ ಮುರೀದಂಗೆ ತಗಂಬಾ. ಪಳೆಯುಳಿಕೆ ಆಗಿದ್ರೆ ಗಾಜಿನ ಬೀರುವಿನಾಗೆ ಇಟ್ಟು, ಕೆಳಗೆ ನಿನ್ನ ಹೆಸರು ಹಾಕಿಸ್ತೀನಿ.”

ನನ್ನ ಹೆಸರು! ಆ ಕಾಲೇಜಿನಲ್ಲಿ ಅದು ಅಚ್ಚಾಗುತ್ತಿದ್ದದ್ದು ಹಾಜರಿ ಕಮ್ಮಿ ಇದ್ದವರ ಪಟ್ಟಿಯಲ್ಲಿ ಮಾತ್ರ. ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿ, ಕೂಸಿನ ಹಾಗೆ ಮನೆಗೆ ತಂದೆ. ಅವ್ವ ಕಣ್ಣು ಕಿರಿದು ಮಾಡಿ ನೋಡಿ, “ಯಾರೋ ನಿಪ್ಪಟ್ಟಿಗೆ ಅಚ್ಚು ಒತ್ತಿ ಮರೆತು ಹೋಗ್ಯಾರೆ ಕಣಲೇ” ಅಂದಳು.

ಇಂಥವರ ನಡುವೆ ವಿಜ್ಞಾನ ಬೆಳೆಯುವುದಿಲ್ಲ ಎಂದುಕೊಂಡು ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಅಲ್ಲಿ ನಮ್ಮ ಮಾವ ರೇಷ್ಮೆ ಸೀರೆ ನೇಯುತ್ತಾರೆ. ಎಳೆ ಎಣಿಸುವ ಭೂತಗನ್ನಡಿ ಅವರ ಹತ್ತಿರ ಇದೆ; ಹೂವನ್ನು ದೊಡ್ಡದಾಗಿ ನೋಡಬಹುದು ಅನ್ನುವುದು ನನ್ನ ಲೆಕ್ಕ. ಆದರೆ ಮಾವನ ನಂಬಿಕೆ ಗಾಜಿನ ಮೇಲಲ್ಲ, ಬೆಂಕಿಕಡ್ಡಿಯ ಮೇಲೆ. ಯಾರೇ ನೂಲು ತರಲಿ, ಒಂದೆಳೆ ಸುಟ್ಟು ಮೂಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ಅಸಲಿ ರೇಷ್ಮೆ. ಕರಗಿ ಗಂಟಾದರೆ ನಕಲಿ.

“ಏಮಿರಾ ಇದು?” ಮಾವ ಅರ್ಧ ತೆಲುಗಿನಲ್ಲಿ ಕೇಳಿದರು.

“ಕಲ್ಲು ಮಾವ. ಲಕ್ಷಾಂತರ ವರ್ಷದ್ದು.”

“ಹುಟ್ಟಿದಾಗ ನೀನು ತೊಟ್ಟಿಲು ತೂಗಿದ್ದೇನ್ಲಾ? ಇರು, ಬೆಂಕಿಗೆ ಸುಳ್ಳು ಹೇಳಾಕೆ ಬರಲ್ಲ.”

ನಾನು ಕೈ ಚಾಚುವಷ್ಟರಲ್ಲಿ ಕಡ್ಡಿ ಗೀರಿ ಅಂಚಿಗೆ ಹಿಡಿದೇಬಿಟ್ಟರು. ಟಪ್ ಅಂತ ಸೀಳಿ ಒಂದು ಎಸಳು ಮಗ್ಗದ ಗುಂಡಿಗೆ ಬಿತ್ತು. ನಾನು ಗುಂಡಿಗೆ ಬಗ್ಗಿ ಅದನ್ನು ಹುಡುಕತೊಡಗಿದೆ. ಮಾವ ಮಾತ್ರ ಕಣ್ಣು ಮುಚ್ಚಿ ಮೂಸಿ, “ಕೂದಲು ಸುಟ್ಟಂಗೇ ಐತೆ. ಅಸಲಿ! ಹೋಗಿ ಮೇಷ್ಟ್ರಿಗೆ ಹೇಳು, ನಾನು ಗ್ಯಾರಂಟಿ” ಅಂದರು. ಮುರಿದರೇನಂತೆ, ಅಸಲಿ ತಾನೆ!

ಸೋಮವಾರ ಇಡೀ ಪ್ರಸಂಗವನ್ನು ಮಾವನ ದನಿಯಲ್ಲೇ ಒಪ್ಪಿಸಿದೆ. ಮೇಷ್ಟ್ರು ಕೆಮ್ಮುವುದನ್ನೇ ಮರೆತರು.

“ವಾಸನೆ ಬಂತಾ?”

“ಗಮ್ ಅಂತ ಬಂತು ಸಾರ್!”

“ನಿಮ್ಮ ಮಾವ ಪರೀಕ್ಷೆ ಸರಿಯಾಗೇ ಮಾಡ್ಯಾರೆ ಕಣಪ್ಪ. ಕಲ್ಲಾಗಿದ್ರೆ ಕೂದಲಿನ ವಾಸನೆ ಎಲ್ಲಿಂದ ಬರ್ತಿತ್ತು? ಇದೊಂದು ಸಮುದ್ರದ ಪ್ರಾಣಿ ಚಿಪ್ಪು. ಸತ್ತು ವರ್ಷಾನೂ ಆಗಿರಲಿಕ್ಕಿಲ್ಲ.”

ಲಕ್ಷಾಂತರ ವರ್ಷಗಳು ಒಂದೇ ಉಸಿರಿನಲ್ಲಿ ಹಾರಿಹೋದವು. ಆದರೂ ಮೇಷ್ಟ್ರದು ದೊಡ್ಡ ಮನಸ್ಸು. ಬಿಲ್ಲೆಯನ್ನು ಬೀರುವಿನಲ್ಲಿ ಇಡಿಸಿದರು, ಕೆಳಗೆ ಸ್ಪಷ್ಟ ಕನ್ನಡದಲ್ಲಿ ಚೀಟಿಯನ್ನೂ ಅಂಟಿಸಿದರು: ‘ಪಳೆಯುಳಿಕೆ ಎಂದು ಅಜ್ಞಾನಿಗಳು ತಪ್ಪು ತಿಳಿಯುವ ವಸ್ತು.’ ಅದರ ಕೆಳಗೆ, ದಪ್ಪಕ್ಷರದಲ್ಲಿ, ನನ್ನ ಹೆಸರು.

ಬೀರುವಿನಲ್ಲಿ ನನ್ನ ಹೆಸರು ಬಂದಿದೆ ಎಂದು ಮನೆಯಲ್ಲಿ ಆಗಲೇ ಕೊಚ್ಚಿಕೊಂಡಿದ್ದೆ. ಹಾಗಾಗಿ ಸಂತೆಗೆ ಬಂದ ಅವ್ವ ಕಾಲೇಜಿಗೂ ಬಂದಳು. ಅವಳಿಗೆ ಅಕ್ಷರ ಬರುವುದಿಲ್ಲ. ಹೆಸರಿನ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಕಣ್ಣು ತುಂಬಿಕೊಂಡಳು. ಆಮೇಲೆ, “ಮ್ಯಾಲೆ ಇಷ್ಟುದ್ದ ಏನೋ ಬರೆದೈತಲ್ಲ, ಅದೇನು?” ಅಂದಳು.

“ಅದು ಇಂಗ್ಲಿಷು ಕಣವ್ವ.”

“ಹಂಗಾರೆ ಬಿಡು, ನಿನಗೂ ಬರಲ್ಲ” ಅಂದಳು ಅವ್ವ. ಅಷ್ಟರಲ್ಲಿ ಮೇಷ್ಟ್ರು ಬರುವುದು ಕಾಣಿಸಿತು. ಅವಳು, “ಸ್ವಾಮೇರೆ, ಇದನ್ನ ಸ್ವಲ್ಪ ಓದಿ ಹೇಳ್ರಿ” ಎಂದು ಕರೆದೇಬಿಟ್ಟಳು.