ಮಾವನ ಕಲ್ಲು, ಅಳಿಯನ ಸ್ಪ್ರಿಂಗು

ಕಾರಿಗೆ ಸಸ್ಪೆನ್ಷನ್ ಆರಿಸುವ ವಿದ್ಯೆಯಲ್ಲಿ ಈ ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದರೆ ಅದು ಜಂಬವಲ್ಲ, ಬರೀ ಮಾಹಿತಿ! ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿಗೆಲ್ಲ ದೃಷ್ಟಿ ದಯಪಾಲಿಸುವ ನನಗೆ, ನನ್ನ ಕಾರಿಗೆ ಏನು ಬೇಕು ಎಂಬುದು ಕಾಣಿಸದೆ ಇದ್ದೀತೆ?

ಕಾರು ಎಂದರೆ ನಿಮ್ಮ ಮನೆ ಮುಂದೆ ನಿಂತಿರುವಂಥದ್ದಲ್ಲ. ನಾನಿನ್ನೂ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ತಯಾರಾದ, ಎರಡೇ ಸೀಟಿನ, ಕಡುಹಸಿರು ಬಣ್ಣದ ಸ್ಪೋರ್ಟ್ಸ್ ಕಾರು. ಮುಂದೆ ಉದ್ದ ಮೂತಿ, ಹಿಂದೆ ಮೋಟು ಬಾಲ. ಅದರೊಳಗೆ ಹತ್ತುವುದು ಎಂಬುದಿಲ್ಲ. ಬಾವಿಗೆ ಇಳಿದಂತೆ ಇಳಿಯಬೇಕು. ಕೊಂಡಾಗ ಅದರ ಸ್ಪ್ರಿಂಗುಗಳು ಸೋತು ಸುಣ್ಣವಾಗಿದ್ದವು. ತಿರುವಿನಲ್ಲಿ ದೋಣಿಯಂತೆ ವಾಲುತ್ತಿತ್ತು. ಬ್ರೇಕ್ ಒತ್ತಿದರೆ ಮೂತಿ ಬಗ್ಗಿಸಿ ರಸ್ತೆಗೆ ಅಡ್ಡಬೀಳುತ್ತಿತ್ತು.

“ಇಂಥ ಕುದುರೆಗೆ ಎಂಥ ಕಾಲು ಬೇಕು ಗೊತ್ತೇನೇ?” ಎಂದು ಒಂದು ಬೆಳಿಗ್ಗೆ ಹೆಂಡತಿಯ ಮುಂದೆ ಗುಡುಗಿದೆ. “ರೇಸಿನ ಸ್ಪ್ರಿಂಗು! ರೇಸಿನ ಶಾಕ್ ಅಬ್ಸಾರ್ಬರು! ಇನ್ನು ಮೇಲೆ ಈ ಕಾರು ರಸ್ತೆಯನ್ನ ಉಡದ ಹಾಗೆ ಕಚ್ಚಿ ಹಿಡಿಯುತ್ತೆ!”

“ನೀವು ಯಾವ ರೇಸಿಗೆ ಹೋಗ್ತೀರಿ?”

“ರೇಸಿಗೆ ಅಂತಲ್ಲ...”

“ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ. ಮಧ್ಯೆ ತರಕಾರಿ. ಅದಕ್ಕೆ ರೇಸಿನ ಸ್ಪ್ರಿಂಗ್ ಯಾಕ್ರೀ? ಬದನೆಕಾಯಿ ಓಡಿಹೋಗ್ತಿದೆಯಾ?”

ನನ್ನ ಹೆಂಡತಿಗೆ ಕೋರ್ಟಿನಲ್ಲಿ ಹೇಳಿಕೆ ಬರೆದುಕೊಳ್ಳುವ ಕೆಲಸ. ಸಾಕ್ಷಿ ಕೆಮ್ಮಿದರೂ ಅವಳ ಕೈ ನಿಲ್ಲುವುದಿಲ್ಲ. ಹಾಗಾಗಿ ನಾನು ಬಾಯಿ ತಪ್ಪಿ ಆಡಿದ್ದೆಲ್ಲ ಅವಳ ತಲೆಯಲ್ಲಿ ಅಲ್ಪವಿರಾಮ ಸಮೇತ ದಾಖಲು! ಅವಳೊಂದಿಗೆ ವಾದಿಸಿ ಗೆದ್ದವರಿಲ್ಲ. ನಾನು ವಾದಿಸಲಿಲ್ಲ; ನೇರವಾಗಿ ಗ್ಯಾರೇಜಿಗೆ ಹೋದೆ.

ನಮ್ಮ ಮೆಕ್ಯಾನಿಕ್‌ನ ನಿಜವಾದ ಹೆಸರು ಅವನಿಗೂ ಮರೆತಿರಬೇಕು. ಎಲ್ಲರೂ ‘ಆಯ್ತಣ್ಣ’ ಎಂದೇ ಕರೆಯುತ್ತಾರೆ. ಯಾರು ಏನೇ ಹೇಳಲಿ, ಅವನ ಉತ್ತರ ಅದೊಂದೇ.

ಬೆಂಚಿನ ಮೇಲೆ ಮೂರು ಬಗೆಯ ಸ್ಪ್ರಿಂಗುಗಳನ್ನು ಸಾಲಾಗಿ ಇಟ್ಟಿದ್ದ. ಒಂದು, ಕಾರು ಹುಟ್ಟುವಾಗ ಇದ್ದಂಥ ಮೆತ್ತನೆಯದು. ಇನ್ನೊಂದು, ಕೊಂಚ ಬಿಗಿಯಾದ, ಬೀದಿಗೆ ಒಗ್ಗುವಂಥದು. ಕೊನೆಯದು ರೇಸಿನದು. ನನ್ನ ಹೆಬ್ಬೆರಳಿಗಿಂತ ದಪ್ಪ ಕಂಬಿ, ರಕ್ತಕೆಂಪು ಬಣ್ಣ. ಕೆಂಪು ಕಂಡ ಗೂಳಿಯಂತೆ ನನ್ನ ಮನಸ್ಸು ಅದಕ್ಕೇ ನುಗ್ಗಿತು.

“ಇದು ಹಾಕಿದ್ರೆ ಬೀದಿಯಲ್ಲಿ ಕುಲುಕುತ್ತೆ ಅಂತಾರಲ್ಲ?”

“ಕುಲುಕುತ್ತಣ್ಣ.”

“ಆದ್ರೂ ಇದೇ ಹಾಕೋಣ.”

“ಆಯ್ತಣ್ಣ.”

“ಕೀಲುಗಳಲ್ಲಿರೋ ರಬ್ಬರ್ ಬುಷ್ ತೆಗೆದು ಗಟ್ಟಿ ಬುಷ್ ಹಾಕೋಣ.”

“ಆಯ್ತಣ್ಣ.”

“ಎತ್ತರಾನೂ ಸ್ವಲ್ಪ ಇಳಿಸಿಬಿಡೋಣ.”

“ಇಳ್ಸೋಣ. ಇರುವೆ ಬಂದ್ರೆ ಹಾರನ್ ಹೊಡೀಬೇಕಾಗುತ್ತೆ, ಆಯ್ತಣ್ಣ?”

ಶಾಕ್ ಅಬ್ಸಾರ್ಬರಿಗೆ ಒಂದು ತಿರುಪು ಇತ್ತು. ಒಂದು ಕಡೆ ತಿರುಗಿಸಿದರೆ ಮೆದು, ಇನ್ನೊಂದು ಕಡೆ ಬಿಗಿ. ನಾನೇ ಸ್ವಹಸ್ತದಿಂದ ಬಿಗಿಯ ಕಡೆಗೆ ತಿರುಗಿಸಿದೆ. ಅದು ಮುಂದೆ ತಿರುಗದೆ ನಿಂತಾಗ “ಇಷ್ಟೇನಾ?” ಎಂದು ಬೇಸರಪಟ್ಟೆ.

ಆಹಾ, ಆ ಮೊದಲ ತಿರುವು! ಕಾರು ಒಂದಿಷ್ಟೂ ವಾಲಲಿಲ್ಲ. ಊರಾಚೆಯ ಹೊಸ ರಸ್ತೆಯಲ್ಲಿ ನಾನು ಚಕ್ರವರ್ತಿ! ಸಂಕಟ ಒಂದೇ. ನನ್ನ ಮನೆ ಇರುವುದು ಊರಾಚೆಯಲ್ಲಲ್ಲ, ಊರೊಳಗೆ. ಊರೊಳಗೆ ಬಂದದ್ದೇ ಕಾರಿನ ಚರ್ಯೆ ಬದಲಾಯಿತು. ಯಾರೋ ಉಗುಳಿದ ಬೀಜದ ಮೇಲೆ ಚಕ್ರ ಹೋದರೆ, ಅದು ಕಿತ್ತಳೆಯದೋ ಕಲ್ಲಂಗಡಿಯದೋ ಎಂದು ನನ್ನ ಬೆನ್ನುಮೂಳೆ ಹೇಳುತ್ತಿತ್ತು!

ಸಂಜೆ ಹೆಂಡತಿಯನ್ನು ಕೋರ್ಟಿನಿಂದ ಕರೆತರಲು ಹೋದೆ. ಎರಡು ಬೀದಿ ದಾಟುವಷ್ಟರಲ್ಲಿ ಪಕ್ಕದಿಂದ “ನಿ-ನಿ-ನಿಲ್ಸ್-ಸ್-ಸ್ರೀ!” ಎಂಬ ಮೊರೆ ಕೇಳಿತು. ನಿಲ್ಲಿಸಿದೆ.

“ಯಾಕೇ?”

“ನನ್ನ ಕೆಲಸಕ್ಕೆ ಕೈ ಇದ್ರೆ ಸಾಕು, ನಾಲಿಗೆ ಬೇಕಾಗಿಲ್ಲ. ಆದ್ರೆ ನಿಮಗೆ ಬುದ್ಧಿ ಹೇಳೋಕೆ ನಾಲಿಗೆ ಬೇಕಲ್ಲ? ಕಚ್ಚಿಕೊಂಡು ತುಂಡಾಗೋ ಮೊದಲು ಇಳೀತೀನಿ.”

ಇಳಿದವಳು ನಡೆದೇ ಮನೆ ಸೇರಿದಳು. ನನಗಿಂತ ಮುಂಚೆ! ಏಕೆಂದರೆ ಪ್ರತಿ ಹಂಪಿನ ಮುಂದೆ ನಾನು ಕಾರು ನಿಲ್ಲಿಸಿ, ಉಸಿರು ಬಿಗಿಹಿಡಿದು, ಓರೆಯಾಗಿ ಒಂದೊಂದೇ ಚಕ್ರ ದಾಟಿಸಬೇಕಿತ್ತು.

ಹಂಪು ಎಂದಾಗ ನನ್ನ ಮಾವನವರ ವಿಷಯ ಹೇಳಲೇಬೇಕು. ಅವರು ನಗರಸಭೆಯ ರಸ್ತೆ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಈ ಊರಿನ ಹಂಪುಗಳಲ್ಲಿ ಮುಕ್ಕಾಲುಪಾಲು ಅವರ ಸಂತಾನ! ನನ್ನ ಕಾರನ್ನು ಮೊದಲ ಸಲ ನೋಡಿದಾಗ ಸುತ್ತ ಒಂದು ಪ್ರದಕ್ಷಿಣೆ ಬಂದು, “ಏನಳಿಯಂದ್ರೇ, ಇದು ಕಾರೋ, ಪೌಡರ್ ಡಬ್ಬಿಯೋ?” ಎಂದಿದ್ದರು. ಅಂದಿನಿಂದ ನಮ್ಮಿಬ್ಬರ ನಡುವೆ ಹವಾಮಾನ ಬಿಟ್ಟು ಬೇರೆ ಮಾತಿರಲಿಲ್ಲ.

ಆ ದಿನಗಳಲ್ಲಿ ಮಾವನವರು ನಮ್ಮ ಮನೆಯಲ್ಲೇ ಇದ್ದರು. ಮೂತ್ರಪಿಂಡದಲ್ಲಿ ಕಲ್ಲು. ನೋವು ಬಂದಾಗ ಹಲ್ಲು ಕಚ್ಚಿ ಗೋಡೆ ನೋಡುತ್ತ ಕೂರುವರೇ ಹೊರತು ಕಮಕ್ ಕಿಮಕ್ ಎನ್ನುತ್ತಿರಲಿಲ್ಲ. ಆಪರೇಷನ್‌ಗೆ ದಿನ ಗೊತ್ತಾಗಿ, ಅದಕ್ಕೆ ಮೊದಲು ಇನ್ನೊಂದು ಸ್ಕ್ಯಾನ್ ಆಗಬೇಕಿತ್ತು. ಸ್ಕ್ಯಾನಿನ ದಿನವೇ ಕೋರ್ಟಿನಲ್ಲಿ ದೊಡ್ಡ ಮೊಕದ್ದಮೆ. ಹೆಂಡತಿ ಮನೆಯ ಸಣ್ಣ ಕಾರು ತೆಗೆದುಕೊಂಡು ಬೇಗನೆ ಹೋಗಿದ್ದಳು.

“ಮಾವ, ಟ್ಯಾಕ್ಸಿ ಕರೀತೀನಿ,” ಎಂದೆ.

ಮಾವ ಇಸ್ತ್ರಿ ಮಾಡಿದ ಕೋಟು, ತಲೆಗೆ ಟೋಪಿ ಧರಿಸಿ ಬಾಗಿಲಲ್ಲಿ ನಿಂತಿದ್ದರು. “ಟ್ಯಾಕ್ಸಿ ಯಾಕೆ? ನಿಮ್ಮ ಡಬ್ಬಿ ಇದೆಯಲ್ಲ,” ಎಂದರು.

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. “ಸ್ವಲ್ಪ ಕುಲುಕುತ್ತೆ ಮಾವ.”

“ಕುಲುಕಲಿ. ರಸ್ತೆ ನಂದು.”

ಬಾವಿಗಿಳಿಸಿದೆ. ಹೊರಟೆವು. ಮೊದಲ ಹಂಪು ಬಂತು. ಧಡ್!

“ಅಯ್ಯೋ ಅಮ್ಮಾ!” ಎಂದರು ಮಾವ. ಮರುಕ್ಷಣವೇ ಟೋಪಿ ಸರಿಮಾಡಿಕೊಂಡು, “ಇದು ನಾನೇ ಹಾಕ್ಸಿದ್ದು. ಶಾಲೆ ಮಕ್ಕಳಿಗೋಸ್ಕರ,” ಎಂದರು.

ಎರಡನೆಯದು. ಧಡ್, ಧಡ್!

“ಅಯ್ಯೋ ಅಮ್ಮಾ! ಇದೂ ನಂದೇ. ನೋಡಿ, ಇಷ್ಟು ವರ್ಷವಾದ್ರೂ ಒಂದು ಚೂರು ಕಿತ್ತಿಲ್ಲ!”

ಹೀಗೆ ಮಾರುಕಟ್ಟೆಯ ಹಂಪು, ಗ್ರಂಥಾಲಯದ ಹಂಪು, ಆಸ್ಪತ್ರೆಯ ಗೇಟಿನ ಅವಳಿ ಹಂಪು. ಮಾವನವರು ತಮ್ಮ ಸಂತಾನವನ್ನೆಲ್ಲ ಒಂದೊಂದಾಗಿ ಮಾತಾಡಿಸುತ್ತ, ಒಂದೊಂದಕ್ಕೂ ಅಮ್ಮನನ್ನು ಕರೆಯುತ್ತ ಬಂದರು. ಅವರ ಕಲ್ಲಿನ ನೋವು ನೆನೆದು ನಾನು ಪ್ರತಿ ಸಲವೂ ವೇಗ ಇನ್ನಷ್ಟು ಇಳಿಸುತ್ತಿದ್ದೆ.

ಸ್ಕ್ಯಾನ್ ಆಯಿತು. ಡಾಕ್ಟರು ಚಿತ್ರವನ್ನು ಮೇಲೆ ಕೆಳಗೆ ಮಾಡಿ ನೋಡಿ, “ಕಲ್ಲೇ ಕಾಣ್ತಿಲ್ವಲ್ಲ!” ಎಂದರು.

“ಸರಿಯಾಗಿ ನೋಡಿ ಡಾಕ್ಟ್ರೇ,” ಎಂದೆ ನಾನು.

“ನೋಡಿದೆ. ಬಿದ್ದುಹೋಗಿದೆ. ಆಪರೇಷನ್ ಬೇಡ.”

ನನ್ನ ತಲೆಯಲ್ಲಿ ದೀಪ ಹತ್ತಿತು! “ಡಾಕ್ಟ್ರೇ, ರೇಸಿನ ಸ್ಪ್ರಿಂಗ್ ಇರೋ ಕಾರಲ್ಲಿ ಕುಲುಕಿದ್ರೆ ಕಲ್ಲು ಬೀಳಬಹುದಾ?”

“ಬೀಳಬಹುದು. ಸುಮ್ನೆ ಮನೇಲಿ ಕೂತ್ರೂ ಬೀಳಬಹುದು.”

ಈ ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯ ಪದ ಮಾತ್ರ.

ಆಮೇಲೆ ನನ್ನನ್ನು ಹಿಡಿಯುವವರು ಯಾರು? ಅಂಗಡಿಗೆ ಕಣ್ಣು ತೋರಿಸಲು ಬಂದವರಿಗೆಲ್ಲ ಮೂತ್ರಪಿಂಡದ ಪ್ರವಚನ! “ಮೇಲಿನ ಸಾಲು ಓದಿ. ಹಾಂ, ಅಂದಹಾಗೆ, ನಮ್ಮ ಮಾವನವರ ಕಲ್ಲು...” ಮಾವನವರೂ ಅಲ್ಲಗಳೆಯಲಿಲ್ಲ. ಯಾರಾದರೂ ಕೇಳಿದರೆ ಮೀಸೆ ಸವರಿ, “ನಮ್ಮ ಅಳಿಯಂದ್ರ ಕಾರಿನ ಮಾತೇ ಬೇರೆ,” ಎನ್ನುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ನನ್ನ ಬಗ್ಗೆ ಬಂದ ಮೊದಲ ಒಳ್ಳೆಯ ಮಾತು! ನಾನು ಉಬ್ಬಿ ಬಾಗಿಲಲ್ಲಿ ಹಿಡಿಸದಾದೆ.

ಸುದ್ದಿ ಹಬ್ಬಿತು. ಮಾವನವರ ಜೊತೆ ಉದ್ಯಾನದಲ್ಲಿ ವಾಯುವಿಹಾರ ಮಾಡುವ ಹಿರಿಯರು ನಮ್ಮ ಗೇಟಿನ ಮುಂದೆ ನೆರೆಯತೊಡಗಿದರು. ಕಲ್ಲಿದ್ದವರು ಬಂದರು, ಕಲ್ಲಿರಬಹುದು ಎಂಬ ಗುಮಾನಿಯವರು ಬಂದರು, ಮುಂದೆಂದಾದರೂ ಬಂದೀತು ಎಂದು ಮುಂಜಾಗ್ರತೆಯವರೂ ಬಂದರು. ದಿನಾ ಬೆಳಿಗ್ಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ನನ್ನ ಸೇವೆ ಸಾಗಿತು. ಈಗ ಹಂಪು ಕಂಡರೆ ನಾನು ನಿಲ್ಲಿಸುತ್ತಿರಲಿಲ್ಲ, ಹುಡುಕಿಕೊಂಡು ಹೋಗುತ್ತಿದ್ದೆ!

ಯಾರ ಕಲ್ಲೂ ಬೀಳಲಿಲ್ಲ ಎಂಬುದು ಬೇರೆ ಮಾತು. ನಿವೃತ್ತ ಅಂಚೆ ಮಾಸ್ತರರದು ಬಿತ್ತು. ಆದರೆ ಅದು ಕಲ್ಲಲ್ಲ, ಹಲ್ಲು. ಪೂರಾ ಸೆಟ್ಟು! ಗ್ರಂಥಾಲಯದ ಹಂಪಿನ ಮೇಲೆ ಹಾರಿ, ಗಾಜಿಗೆ ಬಡಿದು, ನನ್ನ ಮಡಿಲಲ್ಲಿ ನಗುತ್ತ ಕೂತಿತು.

“ರೀ, ಸಾಕು ಮಾಡಿ. ನಿಮ್ಮ ನಡಿಗೆ ನೋಡಿಕೊಂಡಿದ್ದೀರಾ?” ಎಂದಳು ಹೆಂಡತಿ.

“ಯಾಕೆ, ಏನಾಗಿದೆ?”

“ಪ್ರಶ್ನಾರ್ಥಕ ಚಿಹ್ನೆ ಆಗಿದ್ದೀರಿ.”

ಅವಳ ಬಾಯಿಹರಕೆಯೋ ಏನೋ, ಮರುದಿನವೇ ಸವಾರಿ ಮುಗಿಸಿ ಕಾರಿನಿಂದ ಏಳಹೋದರೆ ಸೊಂಟ ಏಳಲೊಲ್ಲದು. ಕಟಕ್ ಎಂದಿತು, ಹಿಡಿದುಕೊಂಡಿತು! ಕಾಲು ಬರುತ್ತದೆ, ತಲೆ ಬರುತ್ತದೆ, ನಡುವಿನದು ಬರುವುದಿಲ್ಲ. ಕಡೆಗೆ ಸರದಿಯಲ್ಲಿ ಕಾದಿದ್ದ ಹಿರಿಯರೇ ಸೇರಿ, ಕುರ್ಚಿ ಹೊರುವಂತೆ ನನ್ನನ್ನು ಕೂತ ಭಂಗಿಯಲ್ಲೇ ಎತ್ತಿ ಮನೆಯೊಳಗಿಟ್ಟರು.

ಡಾಕ್ಟರು ಸೊಂಟಕ್ಕೆ ಅಗಲವಾದ ಪಟ್ಟಿ ಬಿಗಿದರು. ನಾನು ಎದ್ದು ಓಡಾಡುವಂತಾದ ದಿನವೇ ಹೆಂಡತಿ ಕಾರನ್ನು ಗ್ಯಾರೇಜಿಗೆ ಸಾಗಿಸಿದಳು. ಸೊಂಟ ಹಿಡಿದುಕೊಂಡು ನಾನೂ ಹೋದೆ, ಮಾವನವರೂ ಬಂದರು.

“ಈ ಕೆಂಪು ಸ್ಪ್ರಿಂಗ್ ಬಿಚ್ಚಿಬಿಡಿ. ಬೀದಿಗೆ ಆಗೋ ಮೆತ್ತನೇದು ಹಾಕಿ, ರಬ್ಬರ್ ಬುಷ್ ಹಾಕಿ,” ಎಂದಳು ಹೆಂಡತಿ.

“ಆಯ್ತಕ್ಕ.”

“ಮುಟ್ಟಬೇಡ ಅದನ್ನ!” ಎಂದು ನಾನು ಗರ್ಜಿಸಿದೆ.

“ಆಯ್ತಣ್ಣ.”

“ರೀ, ನಿಮ್ಮ ಬೆನ್ನು...”

“ನನ್ನ ಬೆನ್ನು ಮುರಿದರೆ ಮುರಿಯಲಿ! ಈ ಸ್ಪ್ರಿಂಗು ಇನ್ನು ನನ್ನ ಸ್ವತ್ತಲ್ಲ ಕಣೇ, ಮನುಕುಲದ್ದು! ಕತ್ತರಿ ಮುಟ್ಟಿಸದೆ ಕಲ್ಲು ಬೀಳಿಸಿದ ಸ್ಪ್ರಿಂಗು! ಬೇಕಾದ್ರೆ ಕೇಳು, ಇಲ್ಲೇ ಇದ್ದಾರಲ್ಲ ನಿಮ್ಮಪ್ಪ!”

ಮಾವನವರು ಕೆಮ್ಮಿದರು. ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದರು. ನಗರಸಭೆಯನ್ನೇ ನಡುಗಿಸಿದ ಮನುಷ್ಯ ಹಾಗೆ ನೆಲ ನೋಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಅಳಿಯಂದ್ರೇ, ಅದು... ಕಲ್ಲು ಅವತ್ತು ಬೆಳಿಗ್ಗೇನೇ ಬಿದ್ದಿತ್ತು.”

“ಎಲ್ಲಿ?”

“ನಿಮ್ಮ ಮನೆ ಬಚ್ಚಲಲ್ಲಿ. ಹಲ್ಲುಜ್ಜೋಕೆ ಮೊದಲು.”

ಆಯ್ತಣ್ಣನೂ ಏನೂ ಅನ್ನಲಿಲ್ಲ.

“ಮತ್ತೆ ನನ್ನ ಕಾರಲ್ಲಿ ಯಾಕೆ ಬಂದ್ರಿ ಮಾವ?”

“ಆಸೆ ಅಳಿಯಂದ್ರೇ, ಆಸೆ! ಆಯಸ್ಸೆಲ್ಲ ರೋಲರ್ ಹಿಂದೆ ನಡೆದವನು ನಾನು. ಒಂದೇ ಒಂದ್ಸಲ ಅಂಥ ಕಾರಲ್ಲಿ ಕೂತು ನನ್ನ ರಸ್ತೆ ಮೇಲೆ ಹೋಗ್ಬೇಕು ಅಂತಿತ್ತು. ಮೊದಲ ದಿನವೇ ಡಬ್ಬಿ ಅಂದುಬಿಟ್ಟಿದ್ದೆ. ಆಮೇಲೆ ಯಾವ ಮುಖ ಇಟ್ಕೊಂಡು ಕೇಳ್ಲಿ? ಕಲ್ಲು ಬಿತ್ತು ಅಂದ್ರೆ ಆಸ್ಪತ್ರೆಗೆ ಹೋಗೋ ನೆಪವೂ ತಪ್ಪಿಹೋಗ್ತಿತ್ತು. ಆಮೇಲೆ ನಿಮ್ಮ ಹಿಗ್ಗು ನೋಡಿ ಹೇಳೋಕೆ ಮನಸ್ಸೇ ಬರಲಿಲ್ಲ.”

ಹೆಂಡತಿ ಮುಖಕ್ಕೆ ಸೆರಗು ಅಡ್ಡ ಹಿಡಿದು ಅತ್ತ ತಿರುಗಿದಳು. ಭುಜ ಕುಲುಕುತ್ತಿತ್ತು. ಸ್ಪ್ರಿಂಗಿಲ್ಲದೆಯೇ!

ಆದರೂ ನಾನು ಬಿಡಲಿಲ್ಲ. ಮುಳುಗುವವನಿಗೆ ಹುಲ್ಲುಕಡ್ಡಿ!

“ಕಲ್ಲು ಇರ್ಲಿಲ್ಲ ಅಂದ್ರೆ, ದಾರಿಯುದ್ದಕ್ಕೂ ‘ಅಯ್ಯೋ ಅಮ್ಮಾ’ ಅಂತ ಕೂಗಿದ್ರಲ್ಲ, ಅದು?”

“ಅದು ನಿಮ್ಮ ಸ್ಪ್ರಿಂಗಿಗೆ, ಅಳಿಯಂದ್ರೇ,” ಎಂದರು ಮಾವನವರು ಬಹಳ ವಿನಯದಿಂದ. “ಕಲ್ಲಿಗೆ ನಾನು ಯಾವತ್ತೂ ಕೂಗಿದವನಲ್ಲ.”