ಹಿತ್ತಲಿನಿಂದ ಕಂಡ ಫುಟ್‌ಬಾಲ್

ಅಂದು ಸಂಜೆ ನಾನು ಕಿಟಕಿಯಲ್ಲಿ ಇಣುಕಿದೆನೋ ಇಲ್ಲವೋ ಎಂಬುದು ನನಗೆ ಖಚಿತವಿಲ್ಲ. ಇಣುಕಿಲ್ಲ ಎಂದು ಜನರ ಮುಂದೆ ಗಟ್ಟಿಯಾಗಿ ವಾದಿಸಿದ್ದೇನೆ, ವಾದಿಸುವಾಗ ನನ್ನ ಧ್ವನಿ ನನಗೇ ನಂಬಿಕೆ ಹುಟ್ಟಿಸುವಂತಿತ್ತು. ಆದರೆ ಧ್ವನಿ ಗಟ್ಟಿಯಾದ ಮಾತ್ರಕ್ಕೆ ಸಂಗತಿ ಗಟ್ಟಿಯಾಗುವುದಿಲ್ಲ ಎಂದು ಮಳವಳ್ಳಿಯ ಕಾಲೇಜೊಂದರಲ್ಲಿ ಪ್ರತಿವರ್ಷ ಹುಡುಗರಿಗೆ ಹೇಳುವವನು ನಾನೇ. ಸಂಖ್ಯಾಶಾಸ್ತ್ರ ನನ್ನ ವಿಷಯ. ವಿಶ್ವವಿದ್ಯಾಲಯದಲ್ಲಿ ಓದಿ ನಾನು ಕಲಿತದ್ದು ಮುಖ್ಯವಾಗಿ ಒಂದನ್ನು: ಯಾರ ಮಾತನ್ನೂ ಸುಲಭಕ್ಕೆ ನಂಬಬಾರದು. ಸ್ವಂತ ನೆನಪನ್ನೂ ನಂಬಬಾರದು ಎಂಬುದನ್ನು ಕಲಿತದ್ದು ಮದುವೆಯಾದ ಮೇಲೆ. ಮಂಡ್ಯದ ನಮ್ಮ ಮನೆಗೆ ಬೀಗ ಹಾಕಿ ಹೊರಟಾಗಲೆಲ್ಲ ಹೆಂಡತಿ ಸುಧಾ, "ಗ್ಯಾಸ್ ಆಫ್ ಮಾಡಿದ್ರಾ?" ಎನ್ನುತ್ತಾಳೆ. "ಮಾಡಿದೆ, ಚೆನ್ನಾಗಿ ನೆನಪಿದೆ" ಎನ್ನುತ್ತೇನೆ. "ನಿಮಗೆ ನೆನಪಿರೋದು ನಿನ್ನೆ ಮಾಡಿದ್ದು" ಎನ್ನುತ್ತಾಳೆ. ಬೀಗ ತೆಗೆದು ಒಳಗೆ ಹೋಗಿ ನೋಡಿದರೆ, ಒಮ್ಮೊಮ್ಮೆ ಅವಳ ಮಾತು ನಿಜವಾಗಿರುತ್ತದೆ. ಉಳಿದ ಸಲ ಆಫ್ ಆಗಿತ್ತೆಂದು ನಾನು ಹೇಳಿದರೂ ಅವಳು ನಂಬುವುದಿಲ್ಲ.

ಗ್ಯಾಸಿನ ವಿಷಯದಲ್ಲೇ ಹೀಗಿರುವಾಗ ಫುಟ್‌ಬಾಲಿನ ವಿಷಯದಲ್ಲಿ ಹೇಗಿರಬೇಡ. ನಮ್ಮದು ಬೆಂಗಳೂರಿನ ತಂಡ. ಹೆಸರು ಹೇಳುವುದಿಲ್ಲ; ಈ ಸೀಸನ್ ಮುಗಿದ ಬಗೆ ನೋಡಿದರೆ ತಮ್ಮ ಹೆಸರು ಇಲ್ಲಿ ಬರುವುದು ಅವರಿಗೂ ಇಷ್ಟವಿರಲಾರದು. ಕ್ರಿಕೆಟ್ಟಿಗೆ ಪ್ರಾಣ ಬಿಡುವ ಈ ಸೀಮೆಯಲ್ಲಿ ಫುಟ್‌ಬಾಲ್ ನೋಡುವವರನ್ನು ಹುಡುಕುವುದು ಕಷ್ಟ. ನನಗೆ ಸಿಕ್ಕವರು ಇಬ್ಬರು. ಒಬ್ಬ ನಂಜುಂಡ, ನನ್ನ ಹೈಸ್ಕೂಲು ಸಹಪಾಠಿ. ಹನಕೆರೆಯಲ್ಲಿ ಕಬ್ಬು ಬೆಳೆಯುತ್ತಾನೆ, ಅರ್ಧ ಗೋಡೆ ತುಂಬುವಷ್ಟು ದೊಡ್ಡ ಟಿವಿ ತಂದು ಹಾಕಿದ್ದಾನೆ. ಇನ್ನೊಬ್ಬರು ಮದ್ದೂರಿನ ಪುಟ್ಟಸ್ವಾಮಿ, ಗೊಬ್ಬರದ ಅಂಗಡಿಯವರು. ಕಾಲೇಜಿನ ದಿನಗಳಲ್ಲಿ ತಾವು ಗೋಲ್‌ಕೀಪರ್ ಆಗಿದ್ದರಂತೆ. ಅವರು ತಡೆದ ಗೋಲುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ನಾನು ಆ ಬಗ್ಗೆ ಏನೂ ಹೇಳುವುದಿಲ್ಲ. ಮಳವಳ್ಳಿಯಿಂದ ಮದ್ದೂರು ದಾಟಿ ಮಂಡ್ಯಕ್ಕೆ ಹೋಗುವ ನನ್ನ ದಿನನಿತ್ಯದ ದಾರಿಯಲ್ಲೇ ಹನಕೆರೆ ಇರುವುದರಿಂದ, ಪಂದ್ಯದ ದಿನ ನಡುದಾರಿಯಲ್ಲಿ ಇಳಿದುಕೊಳ್ಳುತ್ತಿದ್ದೆ. ಮನೆಯಲ್ಲಿ ಆ ಹೊತ್ತಿಗೆ ಟಿವಿಯ ಮೇಲೆ ಸುಧಾಳ ಧಾರಾವಾಹಿಗಳ ಹಕ್ಕು ಇರುತ್ತದೆ.

ತೊಂದರೆ ಶುರುವಾದದ್ದು ಒಂದು ಫೋನ್ ಕರೆಯಿಂದ. ಸೀಸನ್ನಿನ ಮೊದಲ ಪಂದ್ಯ. ನಮ್ಮವರು ಒಂದು ಗೋಲು ಹಿಂದಿದ್ದರು. ಸುಧಾ ಫೋನ್ ಮಾಡಿದಳು. ನಂಜುಂಡನ ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಮಾತು ಕೇಳಬೇಕಾದರೆ ಹಿತ್ತಲಿಗೇ ಹೋಗಬೇಕು. ಕೊತ್ತಂಬರಿ ಸೊಪ್ಪು ತರಬೇಕೋ ಬೇಡವೋ ಎಂಬ ಚರ್ಚೆ ನಡೆಯುತ್ತಿದ್ದಾಗ ಒಳಗಿನಿಂದ ಮನೆ ಕುಸಿದಂಥ ಸದ್ದು. ನಮ್ಮವರು ಗೋಲು ಹೊಡೆದಿದ್ದರು. ಓಡಿ ಬಂದು ಕೂತೆ. ಕೂತ ಸ್ವಲ್ಪ ಹೊತ್ತಿಗೆ ಎದುರಾಳಿಗಳು ಇನ್ನೊಂದು ಹೊಡೆದರು. ಮತ್ತೆ ಫೋನ್ ಬಂತು. ಸೊಪ್ಪು ಬೇಡವಂತೆ, ಫ್ರಿಜ್ಜಿನಲ್ಲಿ ಸಿಕ್ಕಿತಂತೆ. ಅಷ್ಟರಲ್ಲಿ ಒಳಗೆ ಮತ್ತೆ ಮನೆ ಕುಸಿಯಿತು. ನಾನು ಹೊಸ್ತಿಲಿಗೆ ಬರುವ ಮೊದಲೇ ನಂಜುಂಡ ಕೈ ಅಡ್ಡ ಹಿಡಿದು ನಿಂತಿದ್ದ.

"ಅಲ್ಲೇ ನಿಂತ್ಕೊ. ಒಳೀಕ್ ಕಾಲ್ ಇಕ್ಬ್ಯಾಡ."

"ಯಾಕೋ?"

"ನೀನ್ ಆಚೀಕ್ ಓದ್ರೆ ಗೋಲಾಯ್ತದೆ, ಒಳೀಕ್ ಬಂದ್ರೆ ನಮ್ಗೇ ಬೀಳ್ತದೆ. ಕಣ್ ಕಾಣಾಕಿಲ್ವಾ ನಿಂಗೆ?"

ನಾನು ಹೊಸ್ತಿಲ ಹೊರಗೆ ನಿಂತೇ ಒಂದು ಸಣ್ಣ ಪಾಠ ಮಾಡಿದೆ. ಎರಡು ಸಂಗತಿಗಳು ಒಟ್ಟಿಗೆ ನಡೆದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ, ಅದರಲ್ಲೂ ಎರಡೇ ಉದಾಹರಣೆ ಇಟ್ಟುಕೊಂಡು ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ ಎಂದು ವಿವರಿಸಿದೆ. ನಂಜುಂಡ ಸಾವಧಾನವಾಗಿ ಕೇಳಿದ. ಕೇಳಿ ಹೇಳಿದ: "ಅದ್ನೆಲ್ಲಾ ಮಳವಳ್ಳೀಲಿ ಯೋಳ್ಕೊಡ್ಲಾ. ಈಗ ಇತ್ತಲ್‌ಗೆ ನಡಿ."

ನಡೆದೆ. ಇಲ್ಲಿಯೇ ಓದುಗರು ನನ್ನನ್ನು ತಡೆದು ಕೇಳಬಹುದು, ನಂಬದವನು ಯಾಕೆ ಹೋದೆ ಎಂದು. ನಂಬಿಕೆಯಿಲ್ಲದ ಕಾರಣಕ್ಕೇ ಹೋದೆ ಎಂಬುದು ನಾನು ಆಗ ನನಗೆ ಕೊಟ್ಟುಕೊಂಡ ಉತ್ತರ. ನಾನು ಎಲ್ಲಿ ನಿಂತರೂ ಚೆಂಡಿಗೆ ವ್ಯತ್ಯಾಸವಿಲ್ಲವೆಂದ ಮೇಲೆ ಹಿತ್ತಲಲ್ಲಿ ನಿಂತರೆ ತಪ್ಪೇನು? ತರ್ಕ ಸರಿಯಾಗಿಯೇ ಇತ್ತು. ಅದರ ಫಲವಾಗಿ ಇಡೀ ಸೀಸನ್ನಿನಲ್ಲಿ ನಮ್ಮ ತಂಡ ಹೊಡೆದ ಒಂದು ಗೋಲನ್ನೂ ಆದಾಗಲೇ ನೋಡುವ ಭಾಗ್ಯ ನನಗೆ ಸಿಗಲಿಲ್ಲ. ನಿಯಮ ಬಲುಬೇಗ ಬಿಗಿಯಾಯಿತು: ಕಾರ್ನರ್ ಸಿಕ್ಕರೆ, ಪೆನಾಲ್ಟಿ ಸಿಕ್ಕರೆ, ಕೊನೆಯ ಹತ್ತು ನಿಮಿಷ ಬಂದರೆ ನಾನು ಹೊರಗೆ. ಫೋನು ಒಳಗೇ ಬಿಟ್ಟು ಹೋಗಬೇಕು. ಕಿಟಕಿಯಲ್ಲಿ ಇಣುಕಬಾರದು. ಗೋಲಾದರೆ ಪುಟ್ಟಸ್ವಾಮಿ, "ಬನ್ನಿ ಮೇಷ್ಟ್ರೆ, ರೀಪ್ಲೇ ಬತ್ತಾ ಅದೆ, ಬೇಗ್ ಬನ್ನಿ" ಎಂದು ಕೂಗುತ್ತಿದ್ದರು. ನಾನು ಬರುವಷ್ಟರಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದಿರುತ್ತಿದ್ದರು.

ಹಿತ್ತಲಲ್ಲಿ ನನಗೆ ಒಂದು ಕೆಲಸವೂ ಸಿಕ್ಕಿತು. ನಂಜುಂಡನ ತಾಯಿ ಚಿಕ್ಕತಾಯಮ್ಮ ಹಾಲು ಕರೆಯುವ ಹೊತ್ತು ಅದು. ಸುಮ್ಮನೆ ನಿಂತವನನ್ನು ಕಂಡರೆ ಅವರಿಗೆ ಆಗುವುದಿಲ್ಲ. ಕರುವನ್ನು ಹಿಡಿದುಕೊಳ್ಳಲು ಹಚ್ಚಿದರು. ಫುಟ್‌ಬಾಲಿನ ಬಗ್ಗೆ ಅವರ ಅಭಿಪ್ರಾಯ ನಮ್ಮದಕ್ಕಿಂತ ಸ್ಪಷ್ಟ. ಒಳಗೆ ಕಿರುಚಿದರೆ ಹಸು ಬೆಚ್ಚಿ ಬಕೆಟ್ ಒದೆಯುತ್ತದೆ. "ನಿಮ್ಮೋರು ಗೋಲ್ ಒಡುದ್ರೆ ನನ್ ಅಸ ಆಲ್ ಬುಡಾಕಿಲ್ಲ ಕಣಪ್ಪಾ" ಎಂದು ಮೊದಮೊದಲು ಗೊಣಗುತ್ತಿದ್ದರು. ಸೀಸನ್ ಅರ್ಧ ಕಳೆಯುವಷ್ಟರಲ್ಲಿ ಗೊಣಗಾಟ ನಿಂತಿತು. ನಮ್ಮ ಮುಂಚೂಣಿ ಆಟಗಾರ ಮಂಡಿ ನೋವೆಂದು ಕೂತಿದ್ದ, ತರಬೇತುದಾರ ಬದಲಾಗಿದ್ದ, ಗೋಲುಗಳು ಅಪರೂಪವಾಗಿದ್ದವು. ಡೈರಿಗೆ ಹಾಲು ಸರಾಗವಾಗಿ ಹೋಗುತ್ತಿತ್ತು. "ಈ ಸಲ ಚೆಂದಾಗ್ ಆಡ್ತಾವ್ರೆ" ಎಂದು ಚಿಕ್ಕತಾಯಮ್ಮ ಒಂದು ದಿನ ನನಗೆ ಹೇಳಿದರು. ಆ ತಂಡವನ್ನು ಆ ವರ್ಷ ಹೊಗಳಿದ ಬೇರೆ ಯಾರನ್ನೂ ನಾನು ಕಂಡಿಲ್ಲ.

ಕೊನೆಯ ಪಂದ್ಯಕ್ಕೆ ಬರುತ್ತೇನೆ. ಗೆದ್ದರೆ ಮುಂದಿನ ಸುತ್ತು, ಇಲ್ಲವಾದರೆ ಮನೆಗೆ. ಸಂಜೆಯ ಪಂದ್ಯ, ಸಮಸಮ ಸಾಗಿತ್ತು. ಮುಗಿಯಲು ಇನ್ನೇನು ಬಂತು ಎನ್ನುವಾಗ ನಮಗೆ ಪೆನಾಲ್ಟಿ. ಆ ಹೊತ್ತಿಗೆ ನಾನು ನಿಯಮದಂತೆ ಹೊರಗಿದ್ದೆ. ಒಳಗೆ ಎಂದೂ ಇಲ್ಲದ ನಿಶ್ಶಬ್ದ. ಆಮೇಲೆ ಯಾರೋ ಗೋಣಿಚೀಲ ಕೆಳಗಿಟ್ಟಂಥ ಒಂದು ಉಸಿರು. ಹಸು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಚೆಂಡು ಕಂಬಕ್ಕೆ ಬಡಿದು ಆಚೆ ಹೋಗಿತ್ತು.

ಆ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ: ಸಣ್ಣ ಓಟ, ಬಲಗಾಲು, ಎಡಗಡೆಯ ಕಂಬ. ಆದರೆ ಇದನ್ನು ನೆಚ್ಚುವಂತಿಲ್ಲ. ಅದಾದ ಮೇಲೆ ಆ ತುಣುಕನ್ನು ಮೊಬೈಲಿನಲ್ಲಿ ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಒಮ್ಮೆ ಬಚ್ಚಲುಮನೆಯಲ್ಲಿ ಕೂಡ ನೋಡಿದ್ದೇನೆ. ಜೊತೆಗೆ ಇನ್ನೊಂದು ಚಿತ್ರವೂ ನೆನಪಿನಲ್ಲಿದೆ. ಚೆಂಡು ಒದೆಯುವ ಮೊದಲೇ ನಂಜುಂಡ ಹೆಗಲ ಮೇಲಿನ ಟವಲನ್ನು ಎಳೆದು ಪೂರ್ತಿ ಮುಖಕ್ಕೆ ಹೊದ್ದುಕೊಂಡು, ಸೋಫಾದ ಮೇಲೆ ಹೆಣದ ಹಾಗೆ ಕೂತಿದ್ದ. ಕೆಂಪು ಅಂಚಿನ ಟವಲು. ಇದು ಮಾತ್ರ ಯಾವ ಮೊಬೈಲಿನಲ್ಲೂ ಬಂದಿಲ್ಲ.

ಮುಂದಿನ ಭಾನುವಾರ ಹನಕೆರೆಯಲ್ಲಿ ನಮ್ಮ ಅವಲೋಕನ ಸಭೆ ಸೇರಿತು. ಸೀಸನ್ ಯಾಕೆ ಹಾಳಾಯಿತು ಎಂಬುದು ವಿಷಯ. ತರಬೇತುದಾರ, ಮುಂಚೂಣಿ ಆಟಗಾರನ ಮಂಡಿ, ರೆಫರಿ ಇವರನ್ನೆಲ್ಲ ಪುಟ್ಟಸ್ವಾಮಿ ಮದ್ದೂರಿನಿಂದ ತಂದಿದ್ದ ವಡೆ ಮುಗಿಯುವಷ್ಟರಲ್ಲಿ ವಿಚಾರಿಸಿ ಬಿಟ್ಟೆವು. ಪುಟ್ಟಸ್ವಾಮಿ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಬೇಜಾರ್ ಮಾಡ್ಕಬ್ಯಾಡಿ ಮೇಷ್ಟ್ರೆ. ಪೆನಾಲ್ಟಿ ಟೇಮಲ್ಲಿ ಕಿಟಕೀಲಿ ಒಂದ್ ತಲೆ ಕಂಡಂಗಾಯ್ತು."

"ನನ್ನದಲ್ಲ" ಎಂದೆ.

"ಬಿಳೀ ಕೂದ್ಲಿತ್ತು."

"ಹಸುವಿನದಿರಬಹುದು."

"ಅಸ ಕನ್ನಡ್ಕ ಆಕ್ತದಾ ಮೇಷ್ಟ್ರೆ?"

ನಂಜುಂಡ ನನ್ನನ್ನು ನೋಡಲಿಲ್ಲ, ಪುಟ್ಟಸ್ವಾಮಿಯನ್ನು ನೋಡಿದ. "ಅದ್ ಬುಡು. ಪೆನಾಲ್ಟಿ ಒಡೆಯೋವಾಗ ನೀನ್ ಯಾಕ್ಲಾ ಕಿಟಕಿ ನೋಡ್ತಿದ್ದೆ?"

ಪುಟ್ಟಸ್ವಾಮಿ ಮತ್ತೊಮ್ಮೆ ಕೈ ಒರೆಸಿಕೊಂಡರು. "ಎದೆ ಡವಡವ ಅಂತಿತ್ತು ಕಣಪ್ಪಾ. ವಸಿ ಪಕ್ಕಕ್ ನೋಡ್ದೆ."

"ಗೋಲ್‌ಕೀಪರ್ ಆಗಿದ್ನಂತೆ! ನನ್ ನೋಡ್ಲಾ, ಕಣ್ ಮಿಟುಕಿಸ್ದೇನೇ ನೋಡ್ದೆ."

ನಾನು ಬಾಯಿ ತೆರೆದೆ. ಟವಲು ನಾಲಿಗೆಯ ತುದಿಗೆ ಬಂದಿತ್ತು. ಹಾಗೇ ಮುಚ್ಚಿದೆ. ನಂಜುಂಡ ಸುಳ್ಳು ಹೇಳುತ್ತಿದ್ದಾನೆ ಎಂದು ತೋರಿಸಲು ನನ್ನ ಬಳಿ ಸಾಕ್ಷ್ಯವಿತ್ತು, ಅದನ್ನು ಮುಂದಿಟ್ಟರೆ ಇಣುಕಿದವನು ನಾನೇ ಎಂದಾಗುತ್ತಿತ್ತು. ಕೊನೆಗೆ ಚಿಕ್ಕತಾಯಮ್ಮನನ್ನು ಕರೆದರು.

"ಅವ್ವಾ, ಇವ್ನು ಅವತ್ತು ಎಲ್ಲಿದ್ದ?"

"ಕರಾ ಇಡ್ಕಂಡಿದ್ರು."

"ಅವತ್ತೇನಾ? ಪೆನಾಲ್ಟಿ ದಿವ್ಸ?"

"ಅವತ್ತೋ, ಅದ್ರ ಇಂದ್ಲ್ ದಿವ್ಸಾನೋ. ದಿನಾ ಇಡ್ಕತಿದ್ರಲ್ಲ. ಪೆನಾಲ್ಟಿ ಅಂದ್ರೆ ಯಾವ್ದ್ಲಾ ಅದು?"

ಸುಧಾ ಇದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದಳು. ಸಾಕ್ಷ್ಯ ಬಿದ್ದುಹೋಯಿತು. ಪುಟ್ಟಸ್ವಾಮಿ ನಿಧಾನವಾಗಿ ತೀರ್ಪು ಹೇಳಿದರು. "ಬರೋ ವರ್ಸದಿಂದ ಮ್ಯಾಚಿನ್ ದಿವ್ಸ ಮೇಷ್ಟ್ರು ಬರೋದೇ ಬ್ಯಾಡ. ಬ್ಯಾರೆ ದಿವ್ಸ ಬರ್ಲಿ, ಊಟಕ್ಕೇ ಬರ್ಲಿ."

ನಾನು ನಗುತ್ತೇನೆಂದುಕೊಂಡೆ. ನಗು ಬರಲಿಲ್ಲ. ಪಂದ್ಯ ತಪ್ಪುತ್ತದೆಂಬ ಚಿಂತೆಯಲ್ಲ. ನೋಡಿಯೇ ಇಲ್ಲದ್ದು ತಪ್ಪುವುದು ಹೇಗೆ? ಆದರೆ ಸಂಜೆ ಬಸ್ಸು ಹನಕೆರೆಯಲ್ಲಿ ನಿಂತಾಗ ನಾನು ಇಳಿಯದೆ ಕೂತಿರುವುದನ್ನು ಕಲ್ಪಿಸಿಕೊಂಡೆ. ನನ್ನ ತರಗತಿಯಲ್ಲಿ ಹಾಜರಾತಿ ಮುಗಿದ ಮೇಲೆ ನಾನಿದ್ದೇನೋ ಇಲ್ಲವೋ ಯಾರೂ ಗಮನಿಸುವುದಿಲ್ಲ. ಮನೆಯಲ್ಲಿ ಗ್ಯಾಸಿನ ಮಟ್ಟಿಗೂ ನನ್ನ ಮೇಲೆ ಭರವಸೆಯಿಲ್ಲ. ನಾನು ಎಲ್ಲಿ ನಿಲ್ಲುತ್ತೇನೆ ಎಂಬುದರಿಂದ ಲೋಕದಲ್ಲಿ ಏನಾದರೂ ಬದಲಾಗುತ್ತದೆ ಎಂದು ಪ್ರಾಮಾಣಿಕವಾಗಿ ನಂಬಿದವರು ಈ ಇಬ್ಬರೇ.

ಆದ್ದರಿಂದ ವಾದಕ್ಕೆ ನಿಂತೆ. "ನಾನು ಮೌಲ್ಯಮಾಪನಕ್ಕೆಂದು ಮೈಸೂರಿಗೆ ಹೋಗಿದ್ದೆನಲ್ಲ, ಆ ದಿನ ಏನಾಯಿತು?" ಎಂದೆ.

ಆ ದಿನದ ಸೋಲಿನ ಬಗ್ಗೆ ನಾವು ಆ ಮನೆಯಲ್ಲಿ ಮಾತಾಡುವುದಿಲ್ಲ.

"ನಾನು ಒಳಗಿದ್ದರೆ ಸೋಲು, ಸರಿ. ಊರಲ್ಲೇ ಇಲ್ಲದಿದ್ದರೆ ಮಹಾಸೋಲು. ಗೆದ್ದದ್ದೆಲ್ಲ ಯಾವಾಗ? ನಾನು ಹಿತ್ತಲಲ್ಲಿ ಇದ್ದಾಗ. ಅಂದರೆ ನಾನು ಬರಲೇಬೇಕು, ಒಳಗೆ ಮಾತ್ರ ಬರಬಾರದು."

ನಂಜುಂಡ ತೊಡೆ ತಟ್ಟಿದ. "ಸರ್ಯಾಗ್ ಯೋಳ್ದ ಕಣ್ಲಾ ಪುಟ್ಟ! ಇವ್ನು ಬರ್ಲೇಬೇಕು. ಆದ್ರೆ ಕಿಟಕಿ ತಾವ್ ಬ್ಯಾಡ, ಉಲ್ಲಿನ್ ಮೆದೆ ತಾವ್ ನಿಲ್ಲುಸ್ಮ."

ಹುಲ್ಲಿನ ಮೆದೆ ಹಿತ್ತಲಿನ ಕಟ್ಟಕಡೆಗಿದೆ. ನಾನು ಕೃತಜ್ಞತೆಯಿಂದ ಒಪ್ಪಿಕೊಂಡೆ. ಬಸ್ಸು ಹತ್ತಿದ ಮೇಲೆ, ಯಾವ ವಿದ್ಯಾರ್ಥಿಯಾದರೂ ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ ಎಂಬುದು ಹೊಳೆಯಿತು. ಅಲ್ಲಿಯವರೆಗೆ ನಾನು ಗೆದ್ದ ಸಂತೋಷದಲ್ಲಿದ್ದೆ.

ಆದರೂ ಮನಸ್ಸು ಸುಮ್ಮನಿರಲಿಲ್ಲ. ಇಣುಕಿದೆನೇ, ಇಲ್ಲವೇ? ಟವಲನ್ನು ನಾನು ಬೇರೆ ಯಾವುದೋ ದಿನ ಕಂಡಿರಬಹುದು. ಈ ತಂಡ ನಂಜುಂಡನ ಮುಖಕ್ಕೆ ಟವಲು ತರಿಸಿದ್ದು ಒಂದೇ ಸಲವಲ್ಲ. ಹೋದ ವಾರ ಪಂದ್ಯವಿಲ್ಲದ ಒಂದು ದಿನ ಹನಕೆರೆಯಲ್ಲಿ ಇಳಿದೆ. ನಂಜುಂಡ ಮತ್ತು ಪುಟ್ಟಸ್ವಾಮಿ ಒಳಗೆ ಸೋಫಾದ ಮೇಲೆ ಕೂತು ಹಳೆಯ ಪಂದ್ಯ ನೋಡುತ್ತಿದ್ದರು. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ, ಚಿಕ್ಕತಾಯಮ್ಮ ಹುಲ್ಲು ತರಲು ಹೋಗಿದ್ದಾರೆಂದು ಖಾತ್ರಿ ಮಾಡಿಕೊಂಡು, ಆ ಕಿಟಕಿಗೆ ಮುಖವಿಟ್ಟೆ. ಹೀಗಾಗಿ ಪೆನಾಲ್ಟಿಯ ಸಂಜೆಯ ಬಗ್ಗೆ ನಾನು ಪರಿಶೀಲಿಸಿ ಖಚಿತಪಡಿಸಿಕೊಂಡ ಸಂಗತಿ ಈಗ ಒಂದಿದೆ. ಕಿಟಕಿಯೂ ಟಿವಿಯೂ ಒಂದೇ ಗೋಡೆಯಲ್ಲಿವೆ. ಅಲ್ಲಿಂದ ಟಿವಿಯ ಅಂಚು ಕೂಡ ಕಾಣುವುದಿಲ್ಲ; ಸೋಫಾ ಮಾತ್ರ, ಅದರ ಮೇಲೆ ಕೂತವರ ಹೆಗಲಿನ ಟವಲಿನ ಕೆಂಪು ಅಂಚಿನ ಸಮೇತ, ಬಹಳ ಚೆನ್ನಾಗಿ ಕಾಣುತ್ತದೆ.